ಹೊಸ ಎಲ್‌ಪಿ ರೆಕಾರ್ಡ್ ಕರಕರ ಅಂದರೆ: ತಪ್ಪು ಯಾರದು, ವಾಪಸ್ ಕಳಿಸುವುದು ಹೇಗೆ

“3,500 ರೂಪಾಯಿ ಕೊಟ್ಟು ತರಿಸಿದ ಹೊಸ ರೆಕಾರ್ಡ್ ಅಜ್ಜನ ಕಾಲದ ರೆಕಾರ್ಡಿಗಿಂತ ಜಾಸ್ತಿ ಕರಕರ ಅನ್ನುತ್ತಿದೆ. ವಾಪಸ್ ಕೊಡಬಹುದಾ?” ಬೇರೆ ಬೇರೆ ಮಾತಿನಲ್ಲಿ ಇದೊಂದೇ ಪ್ರಶ್ನೆ ಬರುತ್ತಲೇ ಇದೆ. ಕೊಡಬಹುದು. ಆದರೆ ತಪ್ಪು ರೆಕಾರ್ಡಿನದೇ ಅಂತ ಮೊದಲು ನಿಮಗೆ ಖಾತ್ರಿಯಾಗಬೇಕು. ಆಮೇಲೆ ಅದನ್ನು ಅಂಗಡಿಯವರಿಗೆ ತೋರಿಸಿಕೊಡಲು ಬರಬೇಕು. ಹೆಚ್ಚಿನವರು ಎಡವುವುದು ಅಲ್ಲೇ.

ಕೆಟ್ಟ ಶಬ್ದ ಮೂರು ಕಡೆಯಿಂದ ಬರುತ್ತದೆ. ಒಂದು, ನಿಮ್ಮ ಪ್ಲೇಯರ್. ಎರಡು, ಕಾರ್ಖಾನೆಯಲ್ಲಿ ರೆಕಾರ್ಡ್ ಒತ್ತುವಾಗ ಆದ ಎಡವಟ್ಟು. ಮೂರು, ಒತ್ತುವ ಮೊದಲೇ ಹಾಳಾಗಿದ್ದ ಮಾಸ್ಟರಿಂಗ್. ಮೂಲ ಧ್ವನಿಯನ್ನು ರೆಕಾರ್ಡಿಗೆ ಹೊಂದುವ ಹಾಗೆ ಹದ ಮಾಡುವ ಕೆಲಸಕ್ಕೆ ಮಾಸ್ಟರಿಂಗ್ ಅನ್ನುತ್ತಾರೆ. ದುಡ್ಡು ವಾಪಸ್ ಬರುವುದು ಎರಡನೆಯದಕ್ಕೆ. ಮೊದಲನೆಯದನ್ನು ಮನೆಯಲ್ಲೇ ಸರಿಮಾಡಿಕೊಳ್ಳಬೇಕು. ಮೂರನೆಯದನ್ನು ಕೊಳ್ಳುವ ಮೊದಲೇ ತಪ್ಪಿಸಿಕೊಳ್ಳಬೇಕು.

ರೆಕಾರ್ಡ್ ಹುಟ್ಟುವುದು ಹೀಗೆ

ಇದು ಗೊತ್ತಿದ್ದರೆ ದೋಷ ಗುರುತಿಸುವುದು ಸುಲಭ. ಅಲ್ಯೂಮಿನಿಯಂ ತಟ್ಟೆಗೆ ಲ್ಯಾಕರ್ ಎಂಬ ಮೆತ್ತನೆಯ ಪದರ ಬಳಿದಿರುತ್ತಾರೆ. ಅದರಲ್ಲಿ ಹಾಡಿನ ಗೆರೆ ಕೊರೆಯುತ್ತಾರೆ. ಅದರ ಮೇಲೆ ಬೆಳ್ಳಿ ಸಿಂಪಡಿಸಿ, ನಿಕ್ಕಲ್ ಪದರ ಕಟ್ಟಿಸಿ, ಬಿಡಿಸಿ ತೆಗೆಯುತ್ತಾರೆ. ಹಳ್ಳ ಇದ್ದಲ್ಲಿ ಉಬ್ಬು ಬಂದ ಈ ಉಲ್ಟಾ ಪದರಕ್ಕೆ ‘ತಂದೆ’ ಅಂತ ಹೆಸರು. ತಂದೆಯಿಂದ ‘ತಾಯಿ’, ತಾಯಿಯಿಂದ ಸ್ಟಾಂಪರ್ ಎಂಬ ಅಚ್ಚು. ಆಮೇಲೆ ಎರಡು ಅಚ್ಚುಗಳ ನಡುವೆ ಬಿಸಿ ಪಿವಿಸಿ ಉಂಡೆ ಇಟ್ಟು ಒತ್ತಿ, ತಣಿಸಿ, ಅಂಚು ಕತ್ತರಿಸುತ್ತಾರೆ. ಹೋಳಿಗೆ ತಟ್ಟಿದ ಹಾಗೆ ಅಂದುಕೊಳ್ಳಿ. ಹೂರಣ ಅಂಚಿನ ತನಕ ಹರಡದಿದ್ದರೆ ಒಂದು ತೊಂದರೆ, ಕಾವಲಿಯಿಂದ ಅವಸರದಲ್ಲಿ ಎತ್ತಿದರೆ ಇನ್ನೊಂದು.

ಒಂದು ಅಚ್ಚಿನಿಂದ ಸಾವಿರದ ಆಸುಪಾಸು ಪ್ರತಿಗಳು ಬರುತ್ತವೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಅವಸರಕ್ಕೆ ಕಾರಣವೂ ಇದೆ. 2022ರಲ್ಲಿ ಅಮೆರಿಕದಲ್ಲಿ ಎಲ್‌ಪಿಗಳು ಸಿಡಿಗಳಿಗಿಂತ ಹೆಚ್ಚು ಮಾರಾಟವಾದವು. 1987ರ ನಂತರ ಅದೇ ಮೊದಲು. ಅದಕ್ಕೂ ಮುಂಚೆ, 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಗಿತ್ತು. ಲ್ಯಾಕರ್ ತಟ್ಟೆ ಮಾಡುತ್ತಿದ್ದ ದೊಡ್ಡ ಕಾರ್ಖಾನೆಗಳು ಜಗತ್ತಿನಲ್ಲಿ ಎರಡೇ. ಅದು ಹೋದ ಮೇಲೆ ಉಳಿದದ್ದು ಜಪಾನಿನದು ಒಂದು. ಕೇಳುವವರು ಜಾಸ್ತಿಯಾಗಿ ಯಂತ್ರ ಕಡಿಮೆ ಇದ್ದರೆ ತಣಿಸುವ ಸಮಯಕ್ಕೇ ಕತ್ತರಿ ಬೀಳುತ್ತದೆ, ಅಲ್ವಾ?

ಏನೇನು ಬೇಕು

ಮೊಬೈಲ್, ಅದರ ಟಾರ್ಚ್, ಕಾರ್ಬನ್ ಫೈಬರ್ ಬ್ರಷ್, ಡಿಸ್ಟಿಲ್ಡ್ ವಾಟರ್, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ಪ್ಲೇಯರ್‌ನ ಮುಳ್ಳು ರೆಕಾರ್ಡಿನ ಮೇಲೆ ಎಷ್ಟು ಭಾರ ಹಾಕುತ್ತದೆ ಅಂತ ಅಳೆಯುವ ಚಿಕ್ಕ ತಕ್ಕಡಿ. ಎಲ್ಲಕ್ಕಿಂತ ಮುಖ್ಯವಾಗಿ, ಚೆನ್ನಾಗಿ ಹಾಡುತ್ತದೆ ಅಂತ ನಿಮಗೆ ಖಚಿತವಾಗಿ ಗೊತ್ತಿರುವ ಒಂದು ರೆಕಾರ್ಡ್.

1. ಕೊಳ್ಳುವ ಮೊದಲು ಸ್ಟಿಕ್ಕರ್ ಓದಿ, ಆದರೆ ನಂಬಬೇಡಿ

‘180 ಗ್ರಾಂ’ ಅಂತ ಬರೆದಿರುತ್ತದೆ. ಅದು ತೂಕ, ಧ್ವನಿಯ ಗುಣಮಟ್ಟ ಅಲ್ಲ. ಗೆರೆಯ ಆಳ 140 ಗ್ರಾಂ ತಟ್ಟೆಯಲ್ಲೂ ಅಷ್ಟೇ. ‘ರಿಮಾಸ್ಟರ್ಡ್’ ಅನ್ನುವ ಮಾತೂ ಹಾಗೇ. ಯಾರು ಮಾಡಿದರು, ಯಾವುದರಿಂದ ಮಾಡಿದರು ಅಂತ ಹೇಳದಿದ್ದರೆ ಅದಕ್ಕೆ ಅರ್ಥವೇ ಇಲ್ಲ.

ಒಳ್ಳೆಯ ಮರುಬಿಡುಗಡೆ ಮೂರು ವಿಷಯ ತಾನಾಗಿಯೇ ಹೇಳುತ್ತದೆ: ಮೂಲ ಯಾವುದು, ಗೆರೆ ಕೊರೆದವರು ಯಾರು, ಒತ್ತಿದ್ದು ಎಲ್ಲಿ. ಉದಾಹರಣೆಗೆ ಅಮೆರಿಕದ ಜಾಜ್ ರೆಕಾರ್ಡ್ ಕಂಪನಿ ಬ್ಲೂ ನೋಟ್ 2019ರಲ್ಲಿ ಶುರುಮಾಡಿದ ‘ಟೋನ್ ಪೊಯೆಟ್’ ಸರಣಿ. ಮೂಲ ಟೇಪಿನಿಂದ ಕೆವಿನ್ ಗ್ರೇ ಕೊರೆದದ್ದು, ಕ್ಯಾಲಿಫೋರ್ನಿಯಾದ ಆರ್‌ಟಿಐ ಕಾರ್ಖಾನೆಯಲ್ಲಿ ಒತ್ತಿದ್ದು ಅಂತ ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಹೇಳಿಕೊಳ್ಳುವಂಥದ್ದು ಇದ್ದರೆ ಯಾರೂ ಬಚ್ಚಿಡುವುದಿಲ್ಲ.

ಬಚ್ಚಿಟ್ಟು ಸಿಕ್ಕಿಬಿದ್ದವರೂ ಇದ್ದಾರೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿಗಳು ಪೂರ್ತಿ ಟೇಪಿನಿಂದ ಬಂದವು ಅಂತಲೇ ಕೊಳ್ಳುವವರು ನಂಬಿದ್ದರು. ನಡುವೆ ಡಿಜಿಟಲ್ ಹಂತ ಇದೆ ಅಂತ 2022ರ ಜುಲೈನಲ್ಲಿ ಹೊರಬಂತು. ವಿಷಯ ಕೋರ್ಟಿಗೆ ಹೋಗಿ, ಕೊಂಡವರಿಗೆ ಹಣ ಹಿಂದಿರುಗಿಸುವ ರಾಜಿಯಲ್ಲಿ ಮುಗಿಯಿತು. ತಮಾಷೆ ಏನೆಂದರೆ, ಅದುವರೆಗೆ ಅದೇ ರೆಕಾರ್ಡುಗಳನ್ನು ‘ಅಪ್ಪಟ ಟೇಪಿನ ಧ್ವನಿ’ ಅಂತ ಹೊಗಳುತ್ತಿದ್ದವರಿಗೆ ಕಿವಿಯಿಂದ ವ್ಯತ್ಯಾಸ ಗೊತ್ತಾಗಿರಲಿಲ್ಲ. ನನ್ನ ಪ್ರಕಾರ ಡಿಜಿಟಲ್ ಹಂತ ಇರುವುದು ದೋಷವಲ್ಲ. ಅದನ್ನು ಹೇಳದೆ ಮಾರುವುದು ದೋಷ.

ಇನ್ನೊಂದು ಹಳ್ಳ ಜಾಜ್ ಕೇಳುವವರಿಗೆ. ಯುರೋಪಿನಲ್ಲಿ 1962ರವರೆಗೆ ಬಿಡುಗಡೆಯಾದ ಧ್ವನಿಮುದ್ರಣಗಳ ಮೇಲಿನ ಹಕ್ಕು ಮುಗಿದಿದೆ. ಹಾಗಾಗಿ ಅಲ್ಲಿನ ಯಾವ ಕಂಪನಿ ಬೇಕಾದರೂ ಅವನ್ನು ಒತ್ತಬಹುದು. ಕಾನೂನಿನ ತಕರಾರಿಲ್ಲ. ಆದರೆ ಮೂಲ ಟೇಪ್ ಅವರ ಕೈಯಲ್ಲಿ ಇರುವುದಿಲ್ಲ. ಸಿಡಿಯಿಂದಲೋ ಹಳೇ ಎಲ್‌ಪಿಯಿಂದಲೋ ನಕಲು ಮಾಡಿರುತ್ತಾರೆ. ಅಗ್ಗಕ್ಕೆ ಸಿಗುವ 1950ರ ದಶಕದ ಜಾಜ್ ಎಲ್‌ಪಿಗಳಲ್ಲಿ ಇವೇ ಬಹಳ. ನಮ್ಮಲ್ಲಿ ಈ ಹಕ್ಕಿನ ಅವಧಿ 60 ವರ್ಷ. ಹಾಗಾಗಿ ಹಳೇ ಸಿನಿಮಾ ಹಾಡುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು.

ಹಾಡುಗಳ ಅವಧಿಯನ್ನೂ ಕೂಡಿಸಿ ನೋಡಿ. ಒಂದು ಸೈಡಿಗೆ 18ರಿಂದ 22 ನಿಮಿಷ ಆರಾಮ. 25 ನಿಮಿಷ ದಾಟಿತೆಂದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ. ಧ್ವನಿ ಸಣ್ಣಗಾಗುತ್ತದೆ. ಚಿತ್ರ ಇರುವ ಪಿಕ್ಚರ್ ಡಿಸ್ಕ್ ಬೇಕೆಂದರೆ ಗೋಡೆಗೆ ಹಾಕಲು ತನ್ನಿ, ಕೇಳಲು ಬೇಡ.

ಕೊನೆಗೆ, ರೆಕಾರ್ಡುಗಳ ವಿವರ ಪಟ್ಟಿಮಾಡುವ ಡಿಸ್ಕಾಗ್ಸ್ ಎಂಬ ವೆಬ್‌ತಾಣದಲ್ಲಿ ಅದೇ ಮುದ್ರಣದ ಪುಟ ತೆರೆದು ಕೊಂಡವರ ಮಾತು ಓದಿ. ಒಬ್ಬರು ಬೈದಿದ್ದರೆ ಬಿಟ್ಟುಬಿಡಿ. ನಾಲ್ಕು ಜನ ‘ಬಿ ಸೈಡ್, ಎರಡನೇ ಹಾಡು’ ಅಂತ ಒಂದೇ ಜಾಗ ತೋರಿಸಿದ್ದರೆ ಅಚ್ಚಿನಲ್ಲೇ ಏನೋ ಆಗಿದೆ.

2. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ

ನಮ್ಮ ಆನ್‌ಲೈನ್ ಅಂಗಡಿಗಳು ಮೊದಲು ಕೇಳುವುದೇ ಇದನ್ನು. ಮುಚ್ಚಿದ ಡಬ್ಬಿಯ ಮೇಲಿನ ವಿಳಾಸದ ಚೀಟಿಯಿಂದ ಶುರುವಾಗಲಿ, ರೆಕಾರ್ಡಿನ ಎರಡೂ ಬದಿ ತೋರಿಸುವ ತನಕ ನಿಲ್ಲಿಸಬೇಡಿ. ಡಬ್ಬಿಯ ಮೂಲೆ ಜಜ್ಜಿದ್ದರೆ ಹತ್ತಿರದಿಂದ ತೋರಿಸಿ. ಡಬ್ಬಿ ಎಸೆಯಬೇಡಿ. ಬೇಸಿಗೆಯಾದರೆ ಬಂದ ತಕ್ಷಣ ಹಾಕಬೇಡಿ, ಕೋಣೆಯ ತಂಪಿಗೆ ಬರಲಿ. ಕೊರಿಯರ್ ವ್ಯಾನಿನೊಳಗಿನ ಬಿಸಿ ನಿಮಗೇ ಗೊತ್ತು.

3. ಮೊದಲ ಅನುಮಾನ ನಿಮ್ಮ ಪ್ಲೇಯರ್ ಮೇಲಿರಲಿ

ಬೇಜಾರಾದರೂ ಇದನ್ನು ಮಾಡಲೇಬೇಕು. ಚೆನ್ನಾಗಿ ಹಾಡುವ ಆ ಹಳೇ ರೆಕಾರ್ಡ್ ಹಾಕಿ. ಅದರಲ್ಲೂ ಅದೇ ತೊಂದರೆ ಕೇಳಿದರೆ ಹೊಸ ರೆಕಾರ್ಡಿನ ತಪ್ಪಿಲ್ಲ.

ಮುಳ್ಳಿನ ತುದಿಗೆ ಧೂಳಿನ ಉಂಡೆ ಅಂಟಿದೆಯಾ ನೋಡಿ. ಆಮೇಲೆ ಭಾರ ಅಳೆಯಿರಿ. ಆಡಿಯೊ ಟೆಕ್ನಿಕಾದ ವಿಎಂ95ಇ ಮುಳ್ಳಿಗೆ 2 ಗ್ರಾಂ, ಆರ್ಟೊಫೋನ್ 2ಎಂ ರೆಡ್‌ಗೆ 1.8 ಗ್ರಾಂ ಅಂತ ಕಂಪನಿಯೇ ಹೇಳಿದೆ. ಭಾರ ಕಡಿಮೆ ಇಟ್ಟರೆ ರೆಕಾರ್ಡಿಗೆ ಒಳ್ಳೆಯದು ಅಂತ ಕೆಲವರು ಒಂದೇ ಗ್ರಾಂ ಇಡುತ್ತಾರೆ. ತಪ್ಪು. ಹಗುರಾದ ಮುಳ್ಳು ಗೆರೆಯೊಳಗೆ ಕುಣಿದು ಗೋಡೆಗೆ ಬಡಿಯುತ್ತದೆ, ಹಾಳು ಮಾಡುವುದು ಅದೇ.

ಸೂಟ್‌ಕೇಸ್ ಪ್ಲೇಯರ್ ಇದ್ದವರಿಗೆ ಒಂದು ಕಿವಿಮಾತು. ಬೇಸ್ ಜೋರಾಗಿರುವ ಎಲ್‌ಪಿಯಲ್ಲಿ ಅದರ ಮುಳ್ಳು ಹಾರುವುದು ಸಾಮಾನ್ಯ. ‘ಹಾರುತ್ತದೆ’ ಅಂತ ವಾಪಸ್ ಕಳಿಸುವ ಮೊದಲು ಸ್ನೇಹಿತರ ಮನೆಯ ಒಳ್ಳೆಯ ಪ್ಲೇಯರ್‌ನಲ್ಲಿ ಒಮ್ಮೆ ಹಾಕಿ ನೋಡಿ.

ಸೈಡಿನ ಕೊನೆಯ ಹಾಡಿನಲ್ಲಿ ಮಾತ್ರ ‘ಸ’, ‘ಶ’ ಒಡೆದು ಕೇಳುತ್ತದೆಯಾ? ಅದು ಎಲ್‌ಪಿಯ ಹುಟ್ಟುಗುಣ. ಹೊರಗಿನ ಗೆರೆ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ, ಒಳಗಿನದು 21 ಸೆಂ.ಮೀ. ಮಾತ್ರ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿಕೊಂಡಿರುತ್ತದೆ. ಮುಳ್ಳನ್ನು ಸರಿಯಾದ ಕೋನದಲ್ಲಿ ಕೂರಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ.

4. ಹೊಸದಾದರೂ ತೊಳೆಯಿರಿ

ಕಾಗದದ ಒಳಚೀಲದ ಪುಡಿ, ಕಾರ್ಖಾನೆಯ ಧೂಳು, ಸ್ಟ್ಯಾಟಿಕ್ ಕರೆಂಟು, ಎಲ್ಲ ಹೊಸ ರೆಕಾರ್ಡಿನ ಮೇಲೂ ಇರುತ್ತವೆ. ಡಿಸ್ಟಿಲ್ಡ್ ವಾಟರ್‌ಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಗೆರೆಯ ದಿಕ್ಕಿನಲ್ಲೇ ಮೆಲ್ಲಗೆ ಒರೆಸಿ. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ, ನಿಲ್ಲಿಸಿ ಒಣಗಿಸಿ. ನಡುವಿನ ಲೇಬಲ್‌ಗೆ ನೀರು ತಾಗದಿರಲಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಅದರ ಉಪ್ಪು ಗೆರೆಯಲ್ಲೇ ಕೂರುತ್ತದೆ.

ಎಚ್ಚರ: ಅಟ್ಟದ ಮೇಲಿನ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ರೆಕಾರ್ಡುಗಳಿಗೆ ಆಲ್ಕೊಹಾಲ್ ಇರುವ ಯಾವ ದ್ರವವನ್ನೂ ಹಾಕಬೇಡಿ. ಅವು ಅರಗಿನವು. ಆಲ್ಕೊಹಾಲ್‌ನಲ್ಲಿ ಕರಗುತ್ತವೆ.

ಒಣಗಿದ ಮೇಲೆ ಎರಡು ಸಲ ಕೇಳಿ. ಚಟಪಟ ಒಂದೊಂದು ಸಲ ಒಂದೊಂದು ಕಡೆ ಬಂದರೆ ಅದು ಸ್ಟ್ಯಾಟಿಕ್. ಎರಡೂ ಸಲ ಅದೇ ಜಾಗದಲ್ಲಿ ಬಂದರೆ ಮುಂದಿನ ಹಂತಕ್ಕೆ ಬನ್ನಿ.

5. ದೋಷಕ್ಕೆ ಹೆಸರಿಡಿ

‘ಸೌಂಡ್ ಸರಿ ಇಲ್ಲ’ ಅಂದರೆ ಯಾವ ಅಂಗಡಿಯೂ ಕಿವಿಗೊಡುವುದಿಲ್ಲ. ಹೆಸರು ಹೇಳಿದರೆ ಕೊಡುತ್ತದೆ. ಸಾಮಾನ್ಯವಾಗಿ ಸಿಗುವವು ಇವು.

ನಾನ್-ಫಿಲ್. ಪಿವಿಸಿ ಅಚ್ಚಿನ ಗೆರೆಯೊಳಗೆ ಪೂರ್ತಿ ಇಳಿಯದೆ ಉಳಿಯುವುದು. ಹೂರಣದ ಕಥೆ ಇದೇ. ಬಟ್ಟೆ ಹರಿದ ಹಾಗೆ ‘ಪರ್‍ರ್’ ಅಂತ ಕೇಳುತ್ತದೆ, ಹೆಚ್ಚಾಗಿ ಒಂದೇ ಸ್ಪೀಕರ್‌ನಲ್ಲಿ. ಕೋಣೆಯ ದೀಪ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದರೆ ಆ ಜಾಗದಲ್ಲಿ ಬೂದು ಬಣ್ಣದ ಮಿನುಗುವ ಚುಕ್ಕೆಗಳು ಕಾಣುತ್ತವೆ. ಎಷ್ಟು ತೊಳೆದರೂ ಹೋಗುವುದಿಲ್ಲ. ವಾಪಸ್ ಕೊಡಲು ಇದಕ್ಕಿಂತ ಗಟ್ಟಿ ಕಾರಣ ಬೇಡ.

ನಡು ತಪ್ಪಿದ ತೂತು. ತೂತು ಸರಿಯಾಗಿ ಮಧ್ಯದಲ್ಲಿ ಇಲ್ಲದಿದ್ದರೆ ಸ್ವರ ಮೇಲೆ ಕೆಳಗೆ ತೂಗಾಡುತ್ತದೆ. ಡ್ರಮ್ಸ್ ಗಿಟಾರ್ ಗದ್ದಲದಲ್ಲಿ ಗೊತ್ತಾಗದೆ ಹೋಗಬಹುದು. ತಂಬೂರಿ ಶ್ರುತಿ, ಕೊಳಲು, ಪಿಯಾನೊ ಇರುವ ಕಡೆ ಹಿಡಿದು ಕೇಳಿ. ಶಾಸ್ತ್ರೀಯ ಸಂಗೀತ ಕೇಳಿ ಬೆಳೆದ ಕಿವಿಗೆ ತಕ್ಷಣ ತಿಳಿಯುತ್ತದೆ, ಶ್ರುತಿಯೇ ಅಲುಗಾಡಿದ ಹಾಗೆ. ಕಣ್ಣಿಗೂ ಕಾಣುತ್ತದೆ: ಹಾಡುವಾಗ ಮೇಲಿನಿಂದ ನೋಡಿದರೆ ಮುಳ್ಳಿನ ತಲೆ ಪ್ರತಿ ಸುತ್ತಿಗೂ ಎಡಕ್ಕೆ ಬಲಕ್ಕೆ ಓಲಾಡುತ್ತದೆ. ಒಂದೇ ಸೈಡ್ ಹೀಗಿರುವುದೂ ಉಂಟು, ಎರಡು ಬದಿಗೆ ಎರಡು ಅಚ್ಚು ಇರುತ್ತದಲ್ಲ.

ಸುತ್ತಿಗೊಂದು ಟಕ್. ಅಡ್ಡ ಗೀರು ಬಿದ್ದಿದ್ದರೆ ಅಥವಾ ಒತ್ತುವಾಗ ಏನೋ ಚೂರು ಸಿಕ್ಕಿಕೊಂಡಿದ್ದರೆ ಪ್ರತಿ ಸುತ್ತಿಗೂ ಒಂದು ಟಕ್ ಬರುತ್ತದೆ. 33⅓ ವೇಗದ ಎಲ್‌ಪಿ ಒಂದು ಸುತ್ತು ಬರಲು 1.8 ಸೆಕೆಂಡ್ ಬೇಕು. ಒಂದು ಟಕ್ ಕೇಳಿದ ಕೂಡಲೇ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ, ಆಮೇಲಿನ 10 ಟಕ್ ಎಣಿಸಿ. 18 ಸೆಕೆಂಡ್ ಬಂದರೆ ದೋಷ ತಟ್ಟೆಯ ಮೇಲೆಯೇ ಇದೆ. 45 ವೇಗದ್ದಾದರೆ ಸುತ್ತಿಗೆ 1.33 ಸೆಕೆಂಡ್. ಲೆಕ್ಕಕ್ಕೆ ಸಿಗದ ಹಾಗೆ ಬಂದರೆ ಬೇರೆ ಏನೋ.

ಬಾಗಿದ ತಟ್ಟೆ. ಇದನ್ನು ಎಲ್ಲರೂ ಗುರುತಿಸುತ್ತಾರೆ, ಎಲ್ಲ ಅಂಗಡಿಯೂ ಒಪ್ಪುವುದಿಲ್ಲ. ಸ್ವಲ್ಪ ಬಾಗಿದ್ದು ಮುಳ್ಳು ಹಾರದೆ, ಧ್ವನಿ ಕೆಡದೆ ಹಾಡಿದರೆ ‘ಇಷ್ಟು ಇರುತ್ತದೆ’ ಅನ್ನುತ್ತಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ತಟ್ಟೆ ಪೂರ್ತಿ ಚಪ್ಪಟೆ ಇರುವುದು ಅಪರೂಪ. ಮುಳ್ಳು ಹಾರಿದರೆ ಮಾತ್ರ ಬಿಡಬೇಡಿ. ಗಾಜಿನ ನಡುವೆ ಇಟ್ಟು ಬಿಸಿಲಿಗೆ ಹಾಕುವುದು, ಓವನ್‌ನಲ್ಲಿ ಇಡುವುದು, ಇಂಥ ಮನೆಮದ್ದು ಮಾಡಿದರೆ ತಟ್ಟೆಯೂ ಹೋಯಿತು, ವಾಪಸ್ ಕೊಡುವ ಹಕ್ಕೂ ಹೋಯಿತು.

ಇನ್ನು ಕವರ್ ಅಂಚು ಸೀಳಿರುವುದು, ಎ ಲೇಬಲ್ ಬಿ ಬದಿಗೆ ಅಂಟಿರುವುದು, ಒಳಗೆ ಬೇರೆಯೇ ರೆಕಾರ್ಡ್ ಇರುವುದು. ಇವಕ್ಕೆ ಫೋಟೊ ಸಾಕು.

ಮಂಕಾದ ಧ್ವನಿ, ಕಿವಿಗೆ ಚುಚ್ಚುವ ಸದ್ದು, ಬೇಸೇ ಇಲ್ಲದಿರುವುದು: ಇವು ಮಾಸ್ಟರಿಂಗ್‌ನ ಸಮಸ್ಯೆ. ಎಲ್ಲ ಪ್ರತಿಗಳೂ ಹಾಗೇ ಇರುತ್ತವೆ. ಸ್ಟಿಕ್ಕರ್‌ನಲ್ಲಿ ಸುಳ್ಳು ಬರೆದಿದ್ದರೆ ಮಾತ್ರ ಜಗಳಕ್ಕೆ ದಾರಿ ಉಂಟು. ಇಲ್ಲವೆಂದರೆ ಮಾರಿಬಿಡಿ.

6. ಪುರಾವೆ ಮಾಡಿಕೊಳ್ಳಿ

ದೋಷ ಇರುವ ಜಾಗದ 30 ಸೆಕೆಂಡ್ ವಿಡಿಯೊ ಸಾಕು. ತಿರುಗುವ ರೆಕಾರ್ಡ್ ಕಾಣಬೇಕು, ಶಬ್ದ ಕೇಳಬೇಕು. ಬೆನ್ನಿಗೇ ನಿಮ್ಮ ಒಳ್ಳೆಯ ರೆಕಾರ್ಡಿನ 10 ಸೆಕೆಂಡ್ ಸೇರಿಸಿ. ‘ನಿಮ್ಮ ಪ್ಲೇಯರ್ ಸರಿ ಇಲ್ಲ’ ಅನ್ನುವ ಉತ್ತರ ಅಲ್ಲಿಗೇ ಮುಗಿಯುತ್ತದೆ.

ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ಖಾಲಿ ಪಟ್ಟಿಗೆ ರನ್‌ಔಟ್ ಅನ್ನುತ್ತಾರೆ. ಅಲ್ಲಿ ಕೆತ್ತಿರುವ ನಂಬರ್, ಅಕ್ಷರಗಳ ಫೋಟೊ ತೆಗೆಯಿರಿ. ಅದು ರೆಕಾರ್ಡಿನ ಜಾತಕ. ಗೆರೆ ಕೊರೆದವರ ಗುರುತೂ ಅಲ್ಲೇ ಇರುತ್ತದೆ. ಕೆವಿನ್ ಗ್ರೇ ಕೊರೆದಿದ್ದರೆ ‘ಕೆಪಿಜಿ’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಕಾಣುತ್ತದೆ.

7. ಅಂಗಡಿಗೆ ಬರೆಯಿರಿ, ಆದಷ್ಟು ಬೇಗ

ಅಂಗಡಿಯ ವಾಪಸಾತಿ ಗಡುವು ಬಹಳ ಸಲ ಒಂದು ವಾರ. ಪಾರ್ಸೆಲ್ ಬಂದ ಎರಡು ದಿನದೊಳಗೆ ಎರಡೂ ಬದಿ ಕೇಳಿ ಮುಗಿಸಿ. ಸೀಲ್ ಒಡೆಯದೆ ಆರು ತಿಂಗಳು ಕಪಾಟಿನಲ್ಲಿ ಇಟ್ಟು ಆಮೇಲೆ ಅತ್ತರೆ ಯಾರೂ ಕೇಳುವುದಿಲ್ಲ. ಫೋನ್ ಬೇಡ, ಇಮೇಲ್ ಮಾಡಿ. ಇಷ್ಟಿದ್ದರೆ ಸಾಕು:

“ಆರ್ಡರ್ ನಂಬರ್ ಇಂಥದ್ದು, ಇಂಥ ದಿನ ತಲುಪಿತು. ಬಿ ಸೈಡ್ ಎರಡನೇ ಹಾಡಿನಲ್ಲಿ 1 ನಿಮಿಷ 40 ಸೆಕೆಂಡ್‌ನಿಂದ ಬಲ ಸ್ಪೀಕರ್‌ನಲ್ಲಿ ನಾನ್-ಫಿಲ್ ಶಬ್ದ ಇದೆ. ತೊಳೆದು ಎರಡು ಸಲ ಕೇಳಿದ್ದೇನೆ. ಬೇರೆ ರೆಕಾರ್ಡುಗಳು ಇದೇ ಪ್ಲೇಯರ್‌ನಲ್ಲಿ ಸರಿಯಾಗಿ ಹಾಡುತ್ತವೆ. ವಿಡಿಯೊ, ರನ್‌ಔಟ್ ಫೋಟೊ ಲಗತ್ತಿಸಿದ್ದೇನೆ. ಹಣ ಹಿಂದಿರುಗಿಸಿ, ವಾಪಸ್ ಕಳಿಸುವ ವ್ಯವಸ್ಥೆ ತಿಳಿಸಿ.”

ಬೈಗುಳ ಬೇಡ. ಅಂಗಡಿಯವರು ಒತ್ತಿದ್ದಲ್ಲ ಅದು.

ಬದಲಿ ಪ್ರತಿ ಕೇಳಬೇಕಾ, ಹಣ ಕೇಳಬೇಕಾ? ಆಗಲೇ ಹೇಳಿದ ಸಾವಿರ ಪ್ರತಿಗಳ ಮಾತು ಇಲ್ಲಿಗೆ ಬೇಕು. ಗೀರು, ಬಾಗಿದ್ದು, ಸೀಳಿದ ಕವರ್ ಆದರೆ ಬದಲಿ ಕೇಳಿ. ಅವು ಆ ಒಂದು ಪ್ರತಿಯ ಹಣೆಬರಹ. ನಾನ್-ಫಿಲ್, ನಡು ತಪ್ಪಿದ ತೂತು ಆದರೆ ಹಣವನ್ನೇ ಕೇಳಿ. ಅಂಗಡಿಯಲ್ಲಿರುವ ಉಳಿದ ಪ್ರತಿಗಳು ಅದೇ ಅಚ್ಚಿನವು, ಅದೇ ದಿನ ಒತ್ತಿದವು ಆಗಿರುವ ಸಂಭವ ಜಾಸ್ತಿ. ನಾನೊಮ್ಮೆ ಹಟಕ್ಕೆ ಬಿದ್ದು ಮೂರು ಸಲ ಬದಲಿ ತರಿಸಿದೆ. ಮೂರರಲ್ಲೂ ಅದೇ ಹಾಡು, ಅದೇ ‘ಪರ್‍ರ್’.

8. ಬಂದದ್ದಕ್ಕಿಂತ ಚೆನ್ನಾಗಿ ಕಟ್ಟಿ

ದಾರಿಯಲ್ಲಿ ಮುರಿದರೆ ಜಗಳ ಹೊಸದಾಗಿ ಶುರುವಾಗುತ್ತದೆ. ರೆಕಾರ್ಡನ್ನು ಒಳಚೀಲದ ಸಮೇತ ಕವರ್‌ನಿಂದ ಹೊರಗೆ ತೆಗೆದು, ಕವರ್‌ನ ಹಿಂದೆ ಇಟ್ಟು, ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಕವರ್‌ನೊಳಗೇ ಬಿಟ್ಟರೆ ಅಲುಗಾಡಿ ಅಂಚು ಸೀಳುತ್ತದೆ. ಎರಡೂ ಕಡೆ ದಪ್ಪ ರಟ್ಟು, ಮೇಲೆ ಬಂದಿದ್ದ ಡಬ್ಬಿಯೇ. ಕಟ್ಟುವುದನ್ನೂ ವಿಡಿಯೊ ಮಾಡಿ. ಕೊರಿಯರ್ ರಸೀದಿ ಹಣ ಖಾತೆಗೆ ಬರುವ ತನಕ ಇರಲಿ.

9. ಅಂಗಡಿ ಒಪ್ಪದಿದ್ದರೆ

‘ಸೀಲ್ ಒಡೆದ ಮೇಲೆ ವಾಪಸ್ ಇಲ್ಲ’ ಅಂತ ಬೋರ್ಡ್ ಹಾಕಿರುತ್ತಾರೆ. ಸೀಲ್ ಒಡೆಯದೆ ದೋಷ ಕೇಳುವುದು ಹೇಗೆ ಸ್ವಾಮಿ? ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವವರಿಗೆ ಆ ಮಾತು ಹೇಳಬಹುದು. ದೋಷ ಇರುವ ಮಾಲಿಗೆ ಅದು ನಡೆಯುವುದಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನ್‌ನಲ್ಲಿ ಮಾರುವವರು ದೋಷ ಇರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳಲು, ಹಣ ಕೊಡಲು ನಿರಾಕರಿಸುವಂತಿಲ್ಲ. ಅವರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ಬಂದಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಎರಡನೇ ಇಮೇಲ್‌ನಲ್ಲಿ ಈ ನಿಯಮದ ಹೆಸರು ಬರೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ.

ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತನಾಡಬಹುದು. ಅದರಾಚೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆಯಂತೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಮುಂಬೈಯಲ್ಲಿದ್ದು ನೀವು ಹುಬ್ಬಳ್ಳಿಯಲ್ಲಿದ್ದರೆ ಧಾರವಾಡದ ಆಯೋಗ ಸಾಕು. 5 ಲಕ್ಷ ರೂಪಾಯಿವರೆಗಿನ ಮಾಲಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಒಂದು ಎಲ್‌ಪಿಗೆ ಇಷ್ಟೆಲ್ಲ ಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ದುಬಾರಿ ಬಾಕ್ಸ್ ಸೆಟ್ ಆದರೆ ನಾನಂತೂ ಬಿಡುವುದಿಲ್ಲ.

ಹೊರದೇಶದಿಂದ ತರಿಸಿದ್ದಕ್ಕೆ ಲೆಕ್ಕ ಬೇರೆ. ವಾಪಸ್ ಕಳಿಸುವ ಖರ್ಚು ರೆಕಾರ್ಡಿನ ಬೆಲೆಯನ್ನೇ ಮೀರಬಹುದು. ನೀವು ಕಟ್ಟಿದ ಕಸ್ಟಮ್ಸ್ ಸುಂಕವನ್ನು ಮಾರಿದವರು ಕೊಡುವುದಿಲ್ಲ. ಪುರಾವೆ ಕಳಿಸಿ ‘ರೆಕಾರ್ಡ್ ಇಟ್ಟುಕೊಳ್ಳುತ್ತೇನೆ, ಇಷ್ಟು ಹಣ ಕೊಡಿ’ ಅಂತ ಕೇಳುವುದೇ ಜಾಣತನ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ದೋಷದ ಮಾಲು ತಿರಸ್ಕರಿಸಿ ಪೂರ್ತಿ ಹಣ ಪಡೆಯಲು 30 ದಿನ ಇದೆ. ಯುರೋಪ್ ಒಕ್ಕೂಟದಲ್ಲಿ ಹೊಸ ಮಾಲಿಗೆ ಕಾನೂನಿನ ಖಾತರಿಯೇ ಕನಿಷ್ಠ ಎರಡು ವರ್ಷ.

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಕೊಂಡ ಹಳೇ ರೆಕಾರ್ಡಿಗೆ ಈ ಯಾವ ಹಂತವೂ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿಗೆ ಹೋಗುವಾಗ ಟಾರ್ಚ್ ಮಾತ್ರ ಮರೆಯಬೇಡಿ.